ಬೇಡ ಅನ್ನದ ಸಾಫ್ಟ್‌ವೇರ್: ಸ್ಪ್ರೆಡ್‌ಶೀಟ್ ಬಂದ ದಾರಿ

ಇವತ್ತಿನ ವಿಷಯ ಅಪ್ಲಿಕೇಷನ್ ಸಾಫ್ಟ್‌ವೇರ್. ನಮ್ಮ ಪಠ್ಯಪುಸ್ತಕದಲ್ಲಿ ಆನ್ವಯಿಕ ತಂತ್ರಾಂಶ ಅಂತ ಓದಿ, ಎರಡು ಮಾರ್ಕ್ಸ್ ತಗೊಂಡು ಮರೆತುಬಿಟ್ಟಿದ್ವಲ್ಲ, ಅದೇ. ವ್ಯಾಖ್ಯೆ ಒಂದೇ ಸಾಲಿನದು: ಯಂತ್ರವನ್ನು ನಡೆಸೋದು ಸಿಸ್ಟಮ್ ಸಾಫ್ಟ್‌ವೇರ್, ಮನುಷ್ಯನ ಕೆಲಸ ನಡೆಸೋದು ಅಪ್ಲಿಕೇಷನ್ ಸಾಫ್ಟ್‌ವೇರ್. ವರ್ಡ್, ಪವರ್‌ಪಾಯಿಂಟ್, ಈಮೇಲ್ ಎಲ್ಲವೂ ಈ ಸಾಲಿಗೇ ಸೇರುತ್ತವೆ. ಎಲ್ಲದರ ಚರಿತ್ರೆ ಹೇಳಲು ಹೊರಟರೆ ಯಾವುದೂ ಆಳಕ್ಕೆ ಇಳಿಯಲ್ಲ. ಹಾಗಾಗಿ ಒಂದನ್ನೇ ಹಿಡೀತೀನಿ. ಅದು ಸ್ಪ್ರೆಡ್‌ಶೀಟ್.

ಯಾಕೆ ಅದೇ ಅಂದ್ರೆ, ಹಿಂಜೆವಾಡಿಯಲ್ಲಿ ಕೂತಿರಲಿ, ಗಚ್ಚಿಬೌಲಿಯಲ್ಲಿ ಕೂತಿರಲಿ, ನಾವು ಜಾವಾ, ಪೈಥಾನ್, ಕ್ಲೌಡ್ ಅಂತ ಏನೇ ಕಟ್ಟಿದರೂ ಕೊನೆಗೆ ಮೇಲಿನವರು ಕೇಳೋದು "ಇದನ್ನೆಲ್ಲ ಒಂದು ಎಕ್ಸೆಲ್‌ನಲ್ಲಿ ಹಾಕಿ ಕಳಿಸಿ" ಅಂತಲೇ. ಎಕ್ಸೆಲ್ ಅಂದ್ರೆ ನಮ್ಮವರಿಗೆ ಸ್ವಲ್ಪ ತಾತ್ಸಾರ ಬೇರೆ. ಅದು ಪ್ರೋಗ್ರಾಮಿಂಗ್ ಅಲ್ಲವಂತೆ. ನಾನು ಒಪ್ಪಲ್ಲ. ಒಂದು ಸೆಲ್‌ನಲ್ಲಿ ಸೂತ್ರ ಬರೆದು ಇನ್ನೊಂದಕ್ಕೆ ಜೋಡಿಸಿದ ಕ್ಷಣವೇ ಪ್ರೋಗ್ರಾಮ್ ಬರೆದ ಹಾಗೆ. ಬರೆದವರಿಗೆ ಅದು ಪ್ರೋಗ್ರಾಮ್ ಅಂತ ಗೊತ್ತಿರಲ್ಲ, ಅಷ್ಟೇ. ಇವತ್ತು ನಾನು ಹೇಳಬೇಕಾಗಿರೋದು ಈ ಗೊತ್ತಿಲ್ಲದಿರುವಿಕೆಯ ಬಗ್ಗೆಯೇ.

ಸ್ಪ್ರೆಡ್‌ಶೀಟ್ ಅನ್ನೋ ಪದ ಕಂಪ್ಯೂಟರಿನದಲ್ಲ. ಲೆಕ್ಕಿಗರು ಮೇಜಿನ ಮೇಲೆ ಹರಡಿಕೊಳ್ಳುತ್ತಿದ್ದ, ಅಡ್ಡ ಉದ್ದ ಗೆರೆ ಹಾಕಿದ ಅಗಲವಾದ ಕಾಗದದ ಹೆಸರು ಅದು. ಅದರಲ್ಲಿ ಒಂದು ಅಂಕಿ ತಿದ್ದಿದರೆ ಅದನ್ನು ನಂಬಿಕೊಂಡಿರೋ ಎಲ್ಲ ಮೊತ್ತವನ್ನೂ ಅಳಿಸಿ ಮತ್ತೆ ಕೂಡಬೇಕು. ಅಳಿಸಿ ಬರೆಯೋ ಕಷ್ಟ ನಮ್ಮ ಕಡೆಯವರಿಗೂ ಗೊತ್ತಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಕಡತ ಅಂತ ಹೆಸರು. ತಪ್ಪಾದರೆ ಒರೆಸಿ ಬರೆಯಬಹುದಿತ್ತು. ವ್ಯಾಪಾರಿಗಳೂ ಮಠಗಳೂ ಅದನ್ನು ಬಳಸುತ್ತಿದ್ದರು. ಶೃಂಗೇರಿಯ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ. ಇವತ್ತು ವಿಧಾನಸೌಧದಲ್ಲಿ ಫೈಲಿಗೂ ಕಡತ ಅಂತಾರೆ, ಕನ್ನಡದ ಕಂಪ್ಯೂಟರ್ ಮೆನುವಿನಲ್ಲೂ ಕಡತ ಅಂತಲೇ ಇರುತ್ತೆ. ಆದರೆ ಕಡತ ಒರೆಸೋಕೆ ಬಿಡುತ್ತಿತ್ತೇ ಹೊರತು ತಾನೇ ಕೂಡಿ ಕೊಡುತ್ತಿರಲಿಲ್ಲ.

ಕೂಡಿ ಕೊಡುವ ಹಾಳೆ ಹುಟ್ಟಿದ್ದು ಅಮೆರಿಕದಲ್ಲಿ. 1978ರಲ್ಲಿ ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಎಂಬಿಎ ಓದುತ್ತಿದ್ದ. ಅದಕ್ಕೂ ಮೊದಲು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯಲ್ಲಿ ವರ್ಡ್ ಪ್ರೊಸೆಸಿಂಗ್ ಕೆಲಸ ಮಾಡಿದ್ದವನು. ಅಕ್ಷರ ತಿದ್ದಿದರೆ ಉಳಿದ ಸಾಲು ತಾನೇ ಸರಿದುಕೊಳ್ಳೋದನ್ನು ಕಣ್ಣಾರೆ ಕಂಡವನಿಗೆ, ಅಂಕಿ ತಿದ್ದಿದರೆ ಉಳಿದ ಲೆಕ್ಕ ಯಾಕೆ ತಾನೇ ಸರಿಯಾಗಬಾರದು ಅನ್ನೋ ಪ್ರಶ್ನೆ ಬಂತು. ವಾರಾಂತ್ಯದಲ್ಲಿ ಆಪಲ್ 2ರ ಬೇಸಿಕ್‌ನಲ್ಲಿ ಒಂದು ಮಾದರಿ ಮಾಡಿದ. ನಿಜವಾದ ಪ್ರೋಗ್ರಾಮ್ ಬರೆದದ್ದು ಗೆಳೆಯ ಬಾಬ್ ಫ್ರಾಂಕ್‌ಸ್ಟನ್. ಎಂಐಟಿಯ ಮಲ್ಟಿಕ್ಸ್ ಕಂಪ್ಯೂಟರಿನ ಬಾಡಿಗೆ ರಾತ್ರಿ ಹೊತ್ತು ಕಡಿಮೆ. ಹಾಗಾಗಿ ಅವನ ಕೋಡಿಂಗ್ ರಾತ್ರಿಯೇ. ನಮ್ಮಲ್ಲಿ ಅಮೆರಿಕದ ಗ್ರಾಹಕರಿಗಾಗಿ ನೈಟ್ ಶಿಫ್ಟ್ ಮಾಡೋರಿಗೆ ಇದು ಸಮಾಧಾನ ಕೊಡಬಹುದೇನೋ.

1979ರ ಕೊನೆಗೆ ವಿಸಿಕ್ಯಾಲ್ಕ್ ಮಾರುಕಟ್ಟೆಗೆ ಬಂತು. 254 ಸಾಲು, 63 ಕಾಲಮ್. ಆಗಿನ ಆಪಲ್ 2ರ ಕೀಬೋರ್ಡಿನಲ್ಲಿ ಎಡ ಬಲದ ಬಾಣ ಮಾತ್ರ ಇದ್ದವು. ಮೇಲೆ ಕೆಳಗೆ ಹೋಗಬೇಕಾದರೆ ಸ್ಪೇಸ್‌ಬಾರ್ ಒತ್ತಿ ದಿಕ್ಕು ಬದಲಿಸಬೇಕು. ಲೆಕ್ಕವನ್ನೂ ಅದು ಸಾಲುಸಾಲಾಗಿ ಇಲ್ಲವೇ ಕಾಲಮ್ ಪ್ರಕಾರವಾಗಿ ಮಾಡುತ್ತಿತ್ತು. ಮೇಲಿನ ಸೂತ್ರ ಕೆಳಗಿನ ಸೆಲ್ಲನ್ನು ನಂಬಿಕೊಂಡಿದ್ದರೆ ಮತ್ತೊಮ್ಮೆ ಲೆಕ್ಕ ಹಾಕು ಅಂತ ಹೇಳಬೇಕಿತ್ತು. ಯಾವ ಸೆಲ್ ಯಾವುದನ್ನು ನಂಬಿದೆ ಅಂತ ಗ್ರಾಫ್ ಕಟ್ಟಿ, ಆ ಕ್ರಮದಲ್ಲಿ ಲೆಕ್ಕ ಮಾಡುವ ಜಾಣತನ ಈ ಪುಟ್ಟ ಯಂತ್ರಗಳಿಗೆ ಬಂದದ್ದು ಆಮೇಲೆ.

ಇಷ್ಟೆಲ್ಲ ಕೊರತೆ ಇದ್ದರೂ ಆದದ್ದೇನು ನೋಡಿ. ನೂರು ಡಾಲರ್ ಆಸುಪಾಸಿನ ಸಾಫ್ಟ್‌ವೇರ್‌ಗೋಸ್ಕರ ಜನ ಸಾವಿರಾರು ಡಾಲರ್ ಕೊಟ್ಟು ಕಂಪ್ಯೂಟರ್ ಕೊಂಡರು. ಅಲ್ಲಿವರೆಗೆ ಆಪಲ್ 2 ಹವ್ಯಾಸಿಗಳ ಆಟಿಕೆ. ಈಗ ಅದು ಆಫೀಸಿನ ಮೇಜಿಗೆ ಬಂತು. ಯಂತ್ರ ಮೊದಲು, ಅಪ್ಲಿಕೇಷನ್ ಆಮೇಲೆ ಅಂತ ನಾವು ಸಿಲಬಸ್‌ನಲ್ಲಿ ಓದಿದ ಕ್ರಮ ಇಲ್ಲಿ ತಲೆಕೆಳಗಾಯ್ತು. ಸಾಫ್ಟ್‌ವೇರ್‌ಗೆ ಪೇಟೆಂಟ್ ಸಿಗೋದು ಕಷ್ಟ ಅಂತಿದ್ದ ಕಾಲ, ಬ್ರಿಕ್ಲಿನ್ ಪೇಟೆಂಟ್ ಮಾಡಿಸಲಿಲ್ಲ. ಹಾಗಾಗಿ ಬಾಗಿಲು ಎಲ್ಲರಿಗೂ ತೆರೆದಿತ್ತು.

ಆ ಬಾಗಿಲಲ್ಲಿ ಬಂದವನು ಮಿಚ್ ಕೇಪರ್. ಮೊದಲು ಮಹರ್ಷಿ ಮಹೇಶ ಯೋಗಿಗಳ ಭಾವಾತೀತ ಧ್ಯಾನ ಕಲಿಸುವ ಮೇಷ್ಟ್ರಾಗಿದ್ದವನು. ಕಂಪನಿಗೆ ಲೋಟಸ್ ಅನ್ನೋ ಹೆಸರು ಬಂದದ್ದೂ ಪದ್ಮಾಸನದಿಂದ. ಜೊನಾಥನ್ ಸ್ಯಾಕ್ಸ್ ಅಸೆಂಬ್ಲಿಯಲ್ಲಿ ಬರೆದ ಲೋಟಸ್ 1-2-3 ಐಬಿಎಂ ಪಿಸಿಗೆ ಅಂತ 1983ರ ಜನವರಿಯಲ್ಲಿ ಬಂತು. ಮೊದಲ ವರ್ಷದ ವಹಿವಾಟೇ 5.3 ಕೋಟಿ ಡಾಲರ್. ವೇಗಕ್ಕಾಗಿ ಅದು ನೇರವಾಗಿ ಸ್ಕ್ರೀನಿನ ಮೆಮೊರಿಗೇ ಬರೆಯುತ್ತಿತ್ತು. ಹಾಗಾಗಿ ಬೇರೆ ಕಂಪನಿಯ ಪಿಸಿ ನಿಜವಾಗಿ ಐಬಿಎಂಗೆ ಸಮವೋ ಅಂತ ತಿಳಿಯಲು ಅದರಲ್ಲಿ ಲೋಟಸ್ ಓಡುತ್ತಾ ಅಂತ ನೋಡುತ್ತಿದ್ದರು. ನಮ್ಮ ಊರುಗಳ ಕಂಪ್ಯೂಟರ್ ಸೆಂಟರ್ ಬೋರ್ಡುಗಳ ಮೇಲೆ ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಅಂತ ಮೂರು ಹೆಸರು ಒಟ್ಟಿಗೆ ಇರುತ್ತಿದ್ದದ್ದು ನಮಗಿಂತ ಹತ್ತು ಹದಿನೈದು ವರ್ಷ ದೊಡ್ಡವರಿಗೆ ನೆನಪಿರುತ್ತೆ.

ಮೈಕ್ರೋಸಾಫ್ಟ್ ಎಕ್ಸೆಲ್ 1985ರಲ್ಲಿ ಬಂದದ್ದು ಆಪಲ್‌ನ ಮ್ಯಾಕಿಂಟಾಷ್‌ಗೆ! ವಿಂಡೋಸ್‌ಗೆ ಬಂದದ್ದು 1987ರಲ್ಲಿ. ವಿಂಡೋಸ್ ಜನಪ್ರಿಯವಾದಾಗ ಲೋಟಸ್ ಅಲ್ಲಿಗೆ ತಡವಾಗಿ ಬಂತು, ಸೋತಿತು. ಈ ಯುದ್ಧದ ಕಥೆ ಬಹಳ ಕಡೆ ಸಿಗುತ್ತೆ, ಬಿಡಿ. ನನಗೆ ಕುತೂಹಲ ಇರೋದು ಸೋತವನು ಗೆದ್ದವನೊಳಗೆ ಬಿಟ್ಟುಹೋದ ಗುರುತುಗಳಲ್ಲಿ. ವಿಂಡೋಸ್‌ನ ಎಕ್ಸೆಲ್ ತೆರೆದು '/' ಕೀ ಒತ್ತಿ ನೋಡಿ, ಮೆನು ಎಚ್ಚರಗೊಳ್ಳುತ್ತೆ. ಅದು ಲೋಟಸ್ ಕಲಿತ ಬೆರಳುಗಳಿಗಾಗಿ ಇಟ್ಟದ್ದು. ಇನ್ನೊಂದು ಸೆಲ್‌ನಲ್ಲಿ 60 ಅಂತ ಬರೆದು ಅದನ್ನು ದಿನಾಂಕವಾಗಿ ತೋರಿಸು ಅನ್ನಿ. 1900ರ ಫೆಬ್ರವರಿ 29 ಅಂತ ಬರುತ್ತೆ. ಅಂಥ ದಿನವೇ ಇರಲಿಲ್ಲ! ನೂರರಿಂದ ಭಾಗವಾಗಿ ನಾನೂರರಿಂದ ಭಾಗವಾಗದ ವರ್ಷ ಅಧಿಕ ವರ್ಷವಲ್ಲ. ಲೋಟಸ್ 1900ನ್ನು ಅಧಿಕ ವರ್ಷ ಅಂತ ಎಣಿಸಿತ್ತು. ಲೋಟಸ್ ಫೈಲುಗಳ ದಿನಾಂಕ ಕೆಡಬಾರದು ಅಂತ ಎಕ್ಸೆಲ್ ಆ ತಪ್ಪನ್ನು ಗೊತ್ತಿದ್ದೂ ನಕಲು ಮಾಡಿತು. ಈಗ ಸರಿಪಡಿಸಿದರೆ ಲೋಕದಲ್ಲಿರೋ ಹಾಳೆಗಳ ದಿನಾಂಕಗಳೆಲ್ಲ ಒಂದು ದಿನ ಜಾರುತ್ತವೆ. ಹಾಗಾಗಿ ಅದು ಹಾಗೇ ಇದೆ.

ಇಲ್ಲಿ ಬೆಂಗಳೂರಿನ ಇನ್ನೊಂದು ಸಾಫ್ಟ್‌ವೇರನ್ನು ಪಕ್ಕಕ್ಕಿಟ್ಟು ನೋಡಬೇಕು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿಯಿಂದ ಬಂದ ಟ್ಯಾಲಿ. ಅಪ್ಪನ ವ್ಯಾಪಾರದ ಲೆಕ್ಕಕ್ಕೆ ಸರಿಹೊಂದುವ ಸಾಫ್ಟ್‌ವೇರ್ ಸಿಗದೆ ಮಗ ಬರೆದದ್ದು. ಟ್ಯಾಲಿಗೆ ಜಮಾ ಖರ್ಚು ಅಂದ್ರೆ ಏನು ಅಂತ ಗೊತ್ತು. ಡೆಬಿಟ್ ಕ್ರೆಡಿಟ್ ಹೊಂದದ ವೋಚರನ್ನು ಅದು ಒಳಗೆ ಬಿಟ್ಟುಕೊಳ್ಳಲ್ಲ. 2023ರ ಏಪ್ರಿಲ್‌ನಿಂದ ನಮ್ಮ ಕಾನೂನು, ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರ್ ಪ್ರತಿ ತಿದ್ದುಪಡಿಯನ್ನೂ ದಾಖಲಿಸಬೇಕು ಅಂತಲೂ ಹೇಳುತ್ತೆ. ಎಕ್ಸೆಲ್‌ಗೆ ಇದ್ಯಾವುದೂ ಗೊತ್ತಿಲ್ಲ. ಸಂಬಳದ ಪಟ್ಟಿ, ಮದುವೆ ಖರ್ಚು, ಅಣೆಕಟ್ಟಿನ ವಿನ್ಯಾಸ, ರೋಗಿಗಳ ಪಟ್ಟಿ, ಅದಕ್ಕೆ ಎಲ್ಲವೂ ಚೌಕಗಳೇ. ಏನು ಹಾಕಿದರೂ ಬೇಡ ಅನ್ನಲ್ಲ. ಅದಕ್ಕೇ ಅದು ಎಲ್ಲ ಕಡೆ ಹರಡಿತು. ಪ್ರೋಗ್ರಾಮರ್ ಹತ್ತಿರ ಟಿಕೆಟ್ ಹಾಕಿ ಮೂರು ತಿಂಗಳು ಕಾಯುವ ಬದಲು ಗುಮಾಸ್ತ ತಾನೇ ಮಧ್ಯಾಹ್ನದೊಳಗೆ ಕೆಲಸ ಮುಗಿಸಿಕೊಂಡ. ಇದು ಸಣ್ಣ ಸ್ವಾತಂತ್ರ್ಯವಲ್ಲ, ನಾನದನ್ನು ಗೌರವಿಸ್ತೀನಿ.

ಆದರೆ ನಾವು ಬರೆಯುವ ಕೋಡಿಗೆ ರಿವ್ಯೂ ಇದೆ, ಟೆಸ್ಟ್ ಇದೆ, ಯಾವ ಸಾಲು ಯಾರು ಯಾವಾಗ ಬದಲಿಸಿದರು ಅಂತ ಗಿಟ್ ಹೇಳುತ್ತೆ. ಆ ಗುಮಾಸ್ತನ ಪ್ರೋಗ್ರಾಮಿಗೆ ಇದ್ಯಾವುದನ್ನೂ ಯಾರೂ ಕಡ್ಡಾಯ ಮಾಡಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಪ್ರಾಜೆಕ್ಟ್ ದರ ನಿರ್ಧರಿಸುವ ಹಾಳೆಯಲ್ಲಿ ಒಂದು ಮುಚ್ಚಿಟ್ಟ ಕಾಲಮ್ ಇತ್ತು. ಬರೆದವರು ಯಾವತ್ತೋ ಕೆಲಸ ಬಿಟ್ಟು ಹೋಗಿದ್ದರು. ಅಳಿಸಿದರೆ ಮೊತ್ತ ಬದಲಾಗುತ್ತಿತ್ತು, ಯಾಕೆ ಅಂತ ಯಾರಿಗೂ ಗೊತ್ತಿರಲಿಲ್ಲ. ವರ್ಷಗಟ್ಟಲೆ ಟೆಂಡರುಗಳೆಲ್ಲ ಅದರ ಮೇಲೇ ಹೋದವು.

ಅದಾದರೂ ದುಡ್ಡಿನ ವಿಷಯ. 2020ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಆದದ್ದು ಜೀವದ ವಿಷಯ. ಲ್ಯಾಬುಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಎಕ್ಸ್‌ಎಲ್‌ಎಸ್ ಫೈಲಿಗೆ ಸೇರಿಸುತ್ತಿತ್ತು. ಆ ಮಾದರಿಯ ಮಿತಿ 65,536 ಸಾಲು. 2007ರ ಎಕ್ಸೆಲ್‌ನಿಂದಲೇ ಹತ್ತು ಲಕ್ಷಕ್ಕೂ ಹೆಚ್ಚು ಸಾಲಿಗೆ ಜಾಗ ಇತ್ತು, ಆದರೆ ಫೈಲು ಹಳೆಯದು. ಒಬ್ಬೊಬ್ಬ ರೋಗಿಗೂ ಹಲವು ಸಾಲು ಬೇಕಾಗುತ್ತಿದ್ದರಿಂದ ಒಂದು ಫೈಲಿಗೆ ಸುಮಾರು 1,400 ಜನರಷ್ಟೇ ಹಿಡಿಸುತ್ತಿದ್ದರು. ಮೀರಿದವರು ಸದ್ದಿಲ್ಲದೆ ಹೊರಗೆ ಬಿದ್ದರು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಹೀಗೆ ಲೆಕ್ಕದಿಂದ ತಪ್ಪಿದ ಪಾಸಿಟಿವ್ ಪ್ರಕರಣಗಳು 15,841. ಸೋಂಕಿತರಿಗೆ ತಮ್ಮ ಫಲಿತಾಂಶ ಸಿಕ್ಕಿತ್ತು. ಆದರೆ ಅವರ ಜೊತೆ ಊಟ ಮಾಡಿದವರನ್ನು, ಪಕ್ಕದಲ್ಲಿ ಕೂತು ಕೆಲಸ ಮಾಡಿದವರನ್ನು ಹುಡುಕಿ ಎಚ್ಚರಿಸುವ ಕೆಲಸ ದಿನಗಟ್ಟಲೆ ತಡವಾಯ್ತು. ಪತ್ರಿಕೆಗಳು ಎಕ್ಸೆಲ್ ಅನ್ನು ಬೈದವು. ನನ್ನ ಪ್ರಕಾರ ಪ್ರಶ್ನೆ ಬೇರೆ ಇತ್ತು. ಇಡೀ ದೇಶದ ಫಲಿತಾಂಶ ಹರಿಯುವ ಪೈಪಿನ ನಡುವೆ ಒಂದು ಹಾಳೆ ಇದೆ ಅಂತ ಎಷ್ಟು ಜನರಿಗೆ ಹೊಳೆದಿತ್ತು? ಹೊಳೆದಿದ್ದರೆ ಬಂದವರೆಷ್ಟು, ಹೋದವರೆಷ್ಟು ಅಂತ ಎಣಿಸುವ ಒಂದು ಸಾಲು ಸಾಕಿತ್ತು.

ಈ ಜಗಳದಲ್ಲಿ ಮೊದಲು ಬಗ್ಗೋದು ಯಾರು ಅನ್ನೋದಕ್ಕೆ ಜೀವವಿಜ್ಞಾನದ ಒಂದು ಪ್ರಸಂಗ ಹೇಳ್ತೀನಿ. ಮನುಷ್ಯರ ಜೀನ್‌ಗಳಲ್ಲಿ ಮಾರ್ಚ್1, ಸೆಪ್ಟ್1 ಅಂತ ಸಂಕ್ಷಿಪ್ತ ಹೆಸರುಗಳಿದ್ದವು. ಎಕ್ಸೆಲ್‌ನಲ್ಲಿ ಹಾಕಿದರೆ ಅವು ಮಾರ್ಚ್ 1, ಸೆಪ್ಟೆಂಬರ್ 1 ಆಗಿಬಿಡುತ್ತಿದ್ದವು. ಅನೇಕ ಸಂಶೋಧನಾ ಪ್ರಬಂಧಗಳ ಜೊತೆಗಿನ ಪಟ್ಟಿಗಳಲ್ಲಿ ಜೀನ್ ಬದಲು ದಿನಾಂಕಗಳೇ ಅಚ್ಚಾದವು. ಜೀನ್‌ಗಳಿಗೆ ಹೆಸರಿಡುವ ಸಮಿತಿ ವರ್ಷಗಟ್ಟಲೆ ನೋಡಿ, ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಿತು: ಮಾರ್ಚ್1 ಹೋಗಿ ಮಾರ್ಚ್‌ಎಫ್1, ಸೆಪ್ಟ್1 ಹೋಗಿ ಸೆಪ್ಟಿನ್1. ಹೀಗೆ ತಾನಾಗಿ ದಿನಾಂಕ ಮಾಡಬೇಡ ಅಂತ ಹೇಳುವ ಆಯ್ಕೆ ಎಕ್ಸೆಲ್‌ನ ಸೆಟ್ಟಿಂಗ್ಸ್‌ಗೆ ಬಂದದ್ದು 2023ರಲ್ಲಿ.