ಮನೋರೋಗಿಯ ಬಂಧನ: ಕಾನೂನಿನ ಹಾದಿ

ಮನೋರೋಗಿಗಳನ್ನು ಅವರ ಒಪ್ಪಿಗೆಯಿಲ್ಲದೆ ಆಸ್ಪತ್ರೆಯಲ್ಲಿರಿಸುವ ಕ್ರಮಕ್ಕೆ ಭಾರತದಲ್ಲಿ ಕಾನೂನಿನ ಚೌಕಟ್ಟು ಒದಗಿದ್ದು 1858ರಲ್ಲಿ. ಆಡಳಿತ ಈಸ್ಟ್ ಇಂಡಿಯಾ ಕಂಪನಿಯ ಕೈಯಿಂದ ಬ್ರಿಟಿಷ್ ರಾಣಿಗೆ ದಾಟಿದ ಆ ವರ್ಷ ಹುಚ್ಚಾಸ್ಪತ್ರೆಗಳ ಕಾಯ್ದೆ ಬಂತು. 1912ರ ಕಾಯ್ದೆ ವಿಧಾನವನ್ನು ವಿವರವಾಗಿ ಕಟ್ಟಿತು: ಬಂಧುಗಳ ಅರ್ಜಿ, ಎರಡು ವೈದ್ಯಕೀಯ ಪ್ರಮಾಣಪತ್ರ, ಮ್ಯಾಜಿಸ್ಟ್ರೇಟರ ಆದೇಶ. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಸಮಾಜದ ರಕ್ಷಣೆಯೇ ಅದರ ಮುಖ್ಯ ಕಾಳಜಿ. ರೋಗಿಯ ಮಾತಿಗೆ ಅಲ್ಲಿ ಹೆಚ್ಚಿನ ಬೆಲೆಯಿರಲಿಲ್ಲ.

ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ಅದೇ ಕಾಯ್ದೆ ನಡೆಯಿತು. 1987ರ ಮಾನಸಿಕ ಆರೋಗ್ಯ ಕಾಯ್ದೆ 1993ರಲ್ಲಿ ಜಾರಿಯಾಯಿತು. ಅದು ಅವಮಾನಕರ ಪದಗಳನ್ನು ಕೈಬಿಟ್ಟರೂ ಮ್ಯಾಜಿಸ್ಟ್ರೇಟರ ಆದೇಶದ ಪದ್ಧತಿಯನ್ನು ಉಳಿಸಿಕೊಂಡಿತು. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯ ಆಶ್ರಯಧಾಮಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಈ ದುರಂತ ದೇಶದ ಕಣ್ಣು ತೆರೆಸಿತು.

2018ರ ಮೇ ತಿಂಗಳಲ್ಲಿ ಜಾರಿಯಾದ 2017ರ ಕಾಯ್ದೆ ದಿಕ್ಕನ್ನೇ ಬದಲಿಸಿತು. ಈಗ ಒಪ್ಪಿಗೆಯಿಲ್ಲದ ದಾಖಲಾತಿಗೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಅವರಲ್ಲಿ ಒಬ್ಬರು ಮನೋವೈದ್ಯರಾಗಿರಬೇಕು. ಮೊದಲ ಅವಧಿ 30 ದಿನ ಮೀರುವಂತಿಲ್ಲ. ದಾಖಲಾತಿಯನ್ನು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು, ರೋಗಿ ಅಲ್ಲಿ ಅದನ್ನು ಪ್ರಶ್ನಿಸಬಹುದು. ಪೊಲೀಸರು ರಕ್ಷಣೆಗೆ ಪಡೆದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮನೋರೋಗಿ ಮೊದಲು ನಾಗರಿಕ ಎಂಬುದೇ ಈ ಕಾನೂನಿನ ತಿರುಳು.