ಹಳೆಯ ಕಂಪ್ಯೂಟರಿನಲ್ಲಿ ಕನ್ನಡ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಆ ದಿನ ಯಾವ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ಆದರೂ ಠಾಣೆ ಪೂರ್ವದ ನಮ್ಮ ಕೋಪರಿಯಲ್ಲಿ ಒಳ್ಳೆಯ ಸ್ಥಿತಿಯ ಲ್ಯಾಪ್‌ಟಾಪ್‌ಗಳನ್ನು ಹಿಡಿದುಕೊಂಡು "ಇದನ್ನೇನು ಮಾಡಲಿ?" ಎಂದು ಕೇಳುವ ಪರಿಚಯದವರು ಹೆಚ್ಚಾದರು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ಪೀಳಿಗೆಯದ್ದಾಗಿರಬೇಕು. ಅದಕ್ಕಿಂತ ಹಿಂದಿನದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಹಳತು. ನಾನು ದುಡಿಯುವ ಐಟಿ ಲೋಕದಲ್ಲಿ ಇದಕ್ಕೆ ‘ಎಂಡ್ ಆಫ್ ಲೈಫ್’ ಎನ್ನುತ್ತೇವೆ. ಪ್ರಾಜೆಕ್ಟ್ ಮೀಟಿಂಗುಗಳಲ್ಲಿ ದಿನವೂ ಕೇಳುವ ಮಾತು. ಆಯುಷ್ಯ ಮುಗಿದದ್ದು ಯಾರದ್ದು ಎಂದು ನೋಡಿದರೆ, ಯಂತ್ರದ್ದಲ್ಲ, ಒಂದು ಕರಾರಿನದ್ದು.

ಕನ್ನಡದ ಮಟ್ಟಿಗೆ ಇದು ಹೊಸ ಕತೆಯೇನಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇಂಥದ್ದೇ ಸಂದರ್ಭ ಬಂದಿತ್ತು. ಆಗ ಹಳೆಯ ಕಂಪ್ಯೂಟರಿನಲ್ಲಿ ಕನ್ನಡವನ್ನು ಉಳಿಸಿದ್ದರಲ್ಲಿ ಮುಕ್ತ ತಂತ್ರಾಂಶದ ಪಾಲು ದೊಡ್ಡದು. ಆ ಚರಿತ್ರೆಯ ಒಂದು ಎಳೆ ನಮ್ಮ ಮುಂಬಯಿಯಲ್ಲೇ ಇದೆ.

ಮೊದಲು ತೊಡಕು ಏನಿತ್ತೆಂದು ನೋಡೋಣ. ‘ಕರ್ನಾಟಕ’ ಎಂದು ಬರೆಯುವಾಗ ನಾವು ‘ರ’ವನ್ನು ಮೊದಲು ಒತ್ತುತ್ತೇವೆ, ‘ನಾ’ ಆಮೇಲೆ. ಪರದೆಯ ಮೇಲೆ ‘ನಾ’ ಮೊದಲು ಬರಬೇಕು, ಅರ್ಕಾವತ್ತು ಅದರ ಬೆನ್ನಿಗೆ ಕೂರಬೇಕು. ಒತ್ತಕ್ಷರ ಕೆಳಗಿಳಿಯಬೇಕು, ಗುಣಿತ ಸೇರಿದಾಗ ತಲೆಕಟ್ಟು ಬದಲಾಗಬೇಕು. ಇಂಗ್ಲಿಷಿಗೆ ಈ ಕೆಲಸ ಇಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸಂಕೇತಗಳು ಸಿಕ್ಕಿದ್ದವು. ಆದರೆ ಆ ಸಂಕೇತಗಳನ್ನು ಸರಿಯಾದ ರೂಪಕ್ಕೆ ಜೋಡಿಸಿ ತೋರಿಸುವ ವ್ಯವಸ್ಥೆ ಕಂಪ್ಯೂಟರಿನೊಳಗೆ ಇರಲಿಲ್ಲ.

ಆದ್ದರಿಂದ 1990ರ ದಶಕದ ತಂತ್ರಾಂಶಗಳು ಅಡ್ಡದಾರಿ ಹಿಡಿದವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟ ಫಾಂಟುಗಳು ಬಂದವು. ಮುಂಬಯಿಯ ಕನ್ನಡ ಆಮಂತ್ರಣ ಪತ್ರಿಕೆಯಿಂದ ಸಂಘದ ಸ್ಮರಣ ಸಂಚಿಕೆಯವರೆಗೆ ಇಂಥ ಫಾಂಟು ಮತ್ತು ಪೇಜ್‌ಮೇಕರ್ ಸೇರಿ ಕೆಲಸ ನಡೆಸಿದವು. ಶೇಷಾದ್ರಿವಾಸು ಅವರ ಬರಹ 1998ರಲ್ಲಿ ಬಂದಾಗ ಮನೆಮನೆಗೂ ಕನ್ನಡ ಟೈಪಿಂಗ್ ತಲುಪಿತು. ಅದರ ಉಪಕಾರ ಸಣ್ಣದಲ್ಲ. ಆದರೆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಂಪ್ಯೂಟರಿನ ಕಣ್ಣಿಗೆ ಅದು ಕನ್ನಡವೇ ಆಗಿರಲಿಲ್ಲ.

ಮೈಕ್ರೋಸಾಫ್ಟ್ ಕಡೆಯಿಂದ ಯೂನಿಕೋಡ್ ಕನ್ನಡ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟಿನೊಡನೆ. ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳು ಇದ್ದವು, ಕನ್ನಡ ಇರಲಿಲ್ಲ. ಎಕ್ಸ್‌ಪಿಯಲ್ಲೂ ಅದು ತಾನಾಗಿ ಬರುತ್ತಿರಲಿಲ್ಲ: ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಚೌಕಕ್ಕೆ ಗುರುತು ಹಾಕಬೇಕು, ಆಗ ಅದು ಮೂಲ ಸಿಡಿ ಕೇಳುತ್ತದೆ. ಅಂಗಡಿಯವನು ಹಾಕಿಕೊಟ್ಟ ಎಕ್ಸ್‌ಪಿಗೆ ಮೂಲ ಸಿಡಿ ಎಲ್ಲಿಂದ ತರುವುದು? ಇನ್ನು ವಿಂಡೋಸ್ 98 ಓಡುತ್ತಿದ್ದ ಹಳೆಯ ಪೆಂಟಿಯಂ ಇಟ್ಟುಕೊಂಡವರಿಗೆ ಆ ದಾರಿಯೂ ಇಲ್ಲ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾದಾಗ ಅದನ್ನು ಓದಬೇಕೆಂದಿದ್ದ ಅನೇಕರಿಗೆ ಕಂಡದ್ದು ಪ್ರಶ್ನೆ ಚಿಹ್ನೆಗಳು, ಖಾಲಿ ಚೌಕಗಳು.

ಅದೇ ಕಾಲಕ್ಕೆ ಇನ್ನೊಂದು ಕಡೆ ಕೆಲಸ ನಡೆದಿತ್ತು. ಜುಹುವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ, ಅಂದರೆ ಎನ್‌ಸಿಎಸ್‌ಟಿ, ಲಿನಕ್ಸಿನ ಪರದೆಯ ಮಟ್ಟದಲ್ಲೇ ಭಾರತೀಯ ಲಿಪಿಗಳನ್ನು ಜೋಡಿಸುವ ಇಂಡಿಕ್ಸ್ ಯೋಜನೆ ಕೈಗೊಂಡಿತು. ಈ ಕೇಂದ್ರವೇ ಮುಂದೆ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಖಾರ್‌ಘರ್‌ನಲ್ಲಿ ಅದರ ಕಚೇರಿ ಇದೆ. ಮುಂಬಯಿಯವರೇ ಆದ ವೆಂಕಟೇಶ್ ಹರಿಹರನ್ ಮತ್ತು ಪ್ರಕಾಶ್ ಅಡ್ವಾಣಿ 2000ದ ಆಸುಪಾಸಿನಲ್ಲಿ ಇಂಡ್‌ಲಿನಕ್ಸ್ ಆರಂಭಿಸಿದರು. ಹೊರದೇಶಗಳಲ್ಲಿ ಪ್ಯಾಂಗೊ ಎಂಬ ಅಕ್ಷರಜೋಡಣೆಯ ಗ್ರಂಥಾಲಯ ಬೆಳೆಯುತ್ತಿತ್ತು. ಅದರಲ್ಲಿ ಕನ್ನಡವೂ ಸೇರಿತು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪ್ಯಾಂಗೊವನ್ನು ಬಳಸುವ ಪ್ರತಿಯೊಂದು ತಂತ್ರಾಂಶಕ್ಕೂ ಕನ್ನಡ ಬಿಟ್ಟಿಯಾಗಿ ಬಂತು. ಕಡಿಮೆ ಮೆಮೊರಿಯ ಯಂತ್ರಗಳಿಗೆಂದೇ ಹೇಳಿಮಾಡಿಸಿದಂತಿದ್ದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನ ನಾಲ್ಕನೆಯ ಆವೃತ್ತಿ 2003ರಲ್ಲಿ ಇದೇ ಅಡಿಪಾಯದ ಮೇಲೆ ಬಂತು. ಅದನ್ನು ಕಟ್ಟಿದವರ ಮನಸ್ಸಿನಲ್ಲಿ ಕನ್ನಡ ಇದ್ದಿರಲಾರದು, ಆದರೂ ಅದರಲ್ಲಿ ಕನ್ನಡ ಮೂಡಿತು. ವಿಂಡೋಸ್ 98 ಯೂನಿಕೋಡ್ ಕನ್ನಡವನ್ನು ತೋರಿಸಲಾಗದ ಅದೇ ಪೆಟ್ಟಿಗೆ, ಲಿನಕ್ಸ್ ಹಾಕಿದ ಮೇಲೆ ತೋರಿಸಿತು. ಇಂಟರ್ನೆಟ್ ನಿಧಾನವಿದ್ದ ಆ ದಿನಗಳಲ್ಲಿ ಲಿನಕ್ಸ್ ಫಾರ್ ಯು ಪತ್ರಿಕೆಯೊಡನೆ ಸಿಡಿ ಸಿಗುತ್ತಿತ್ತು. ಉಬುಂಟುವಿನವರು 2011ರವರೆಗೂ ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದರು.

ಎಲ್ಲವೂ ಚೆನ್ನಾಗಿತ್ತೆಂದೇನೂ ಅಲ್ಲ. ಒತ್ತಕ್ಷರಗಳು ಒಮ್ಮೊಮ್ಮೆ ಒಂದರ ಮೇಲೊಂದು ಬೀಳುತ್ತಿದ್ದವು. ಮುದ್ರಣಕ್ಕೆ ಒಪ್ಪುವ ಫಾಂಟುಗಳಿರಲಿಲ್ಲ. ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು, ಆಮೇಲೆ ಲೋಹಿತ್, ಇನ್ನೂ ಮುಂದೆ ಅರವಿಂದ ವಿ.ಕೆ. ಅವರ ನವಿಲು ಮತ್ತು ಗುಬ್ಬಿ ಬಂದು ಈ ಕೊರತೆ ಮೆಲ್ಲಗೆ ತುಂಬಿತು. ಡಿಟಿಪಿಯವರು ಮಾತ್ರ ಪೇಜ್‌ಮೇಕರ್ ಬಿಟ್ಟು ಅಲುಗಲಿಲ್ಲ. ಅವರ ಹೊಟ್ಟೆಪಾಡು ಅದರಲ್ಲಿತ್ತು, ತಪ್ಪೆನ್ನಲಾಗದು.

ಟೈಪಿಂಗಿನ ಕತೆ ಇನ್ನೂ ಸ್ವಾರಸ್ಯದ್ದು. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ.ಪಿ. ರಾವ್ ಮುಂಬಯಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲೂ ಟಾಟಾ ಪ್ರೆಸ್ಸಿನಲ್ಲೂ ದುಡಿದವರು. ಇಂಗ್ಲಿಷ್ ಕೀಲಿಗಳ ಮೇಲೆಯೇ ಉಚ್ಚಾರಣೆಗೆ ಹೊಂದುವಂತೆ ಕನ್ನಡವನ್ನು ಕೂರಿಸಿದ ಅವರ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ನುಡಿಯ ಕೀಲಿಮಣೆ ರೂಪಿಸಿತು. ಇಂದು ಯಾವುದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಕೀಲಿಮಣೆಗಳ ಪಟ್ಟಿ ತೆರೆದು ನೋಡಿ: ‘ಕನ್ನಡ, ಕಗಪ’ ಎಂದು ಇದೆ. ಕೆಳಗೆ ಇಳಿದರೆ ‘ಮರಾಠಿ, ಕಗಪ’ವೂ ಇದೆ. ಮುಂಬಯಿಯಲ್ಲಿ ದುಡಿದ ಕನ್ನಡಿಗನೊಬ್ಬನ ಯೋಚನೆ ಬೆಂಗಳೂರಿಗೆ ಹೋಗಿ, ಜಗತ್ತು ಸುತ್ತಿ, ಮರಾಠಿಗೂ ಒದಗಿ ಠಾಣೆಗೆ ಮರಳಿದೆ. ಇದಕ್ಕೆ ಯಾರೂ ಯಾವ ಕಂಪೆನಿಯ ಒಪ್ಪಿಗೆಯನ್ನೂ ಕೇಳಬೇಕಾಗಲಿಲ್ಲ.

ನಮ್ಮಲ್ಲಿ ಅನೇಕರ ಮೂಲ ಊರು ಕಾಸರಗೋಡು, ಮಂಜೇಶ್ವರದ ಕಡೆ. ಅಲ್ಲಿ ಇದು ಶಾಲೆಯ ಪಾಠವೇ ಆಗಿದೆ. ಕೇರಳದ ಶಾಲೆಗಳ ಐಟಿ ಶಿಕ್ಷಣ ಯೋಜನೆ 2001ರಲ್ಲಿ ಶುರುವಾಗಿ ಮುಂದೆ ಪೂರ್ತಿ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. 2017ರಿಂದ ಕೈಟ್ ಎಂಬ ಸರಕಾರಿ ಸಂಸ್ಥೆ ಅದನ್ನು ನಡೆಸುತ್ತಿದೆ. ಉಬುಂಟು ಆಧರಿಸಿದ ಅದರ ವ್ಯವಸ್ಥೆಯನ್ನೇ ಕನ್ನಡ ಮಾಧ್ಯಮದ ಮಕ್ಕಳೂ ಕಲಿಯುತ್ತಾರೆ. ಮಲಯಾಳದ ರಾಜ್ಯದಲ್ಲಿ ಕನ್ನಡ ಓದುವವರು ಎಷ್ಟು ಜನ, ಅವರಿಂದ ಲಾಭವೆಷ್ಟು ಎಂದು ಇಲ್ಲಿ ಯಾರೂ ಲೆಕ್ಕ ಹಾಕಬೇಕಿಲ್ಲ.

ಆದರೆ ಮುಕ್ತ ತಂತ್ರಾಂಶವೂ ಚಿರಂಜೀವಿಯಲ್ಲ. 1991ರಲ್ಲಿ ಲಿನಕ್ಸ್ ಹುಟ್ಟಿದ್ದೇ ಇಂಟೆಲ್ 386ರ ಮೇಲೆ; 2013ರ 3.8 ಆವೃತ್ತಿ ಆ 386ನ್ನೇ ಕೈಬಿಟ್ಟಿತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ನ್ನು ಹಳೆಯ 32 ಬಿಟ್ ಪಿಸಿಗಳಲ್ಲಿ ಹೊಸದಾಗಿ ಹಾಕಲಾಗದು. ಕಾರಣ ಸರಳ: ಪರೀಕ್ಷಿಸಿ ಸರಿಪಡಿಸುವ ಜನ ಕಡಿಮೆಯಾದರು. ವ್ಯತ್ಯಾಸವಿರುವುದು ಇಷ್ಟರಲ್ಲೇ: ಇಲ್ಲಿ ಮುಂದುವರಿಸುವವರು ಯಾರಾದರೂ ಇದ್ದರೆ ಬಾಗಿಲು ತೆರೆದಿದೆ. ವಿಂಡೋಸ್ 10 ತಿರಸ್ಕೃತವಾದ ಲ್ಯಾಪ್‌ಟಾಪ್‌ಗಳು ಬಹುಪಾಲು 64 ಬಿಟ್‌ನವು. ಅವಕ್ಕೆ ಸದ್ಯ ಈ ಭಯವಿಲ್ಲ.

ನನಗಿರುವ ಚಿಂತೆ ಯಂತ್ರದ್ದಕ್ಕಿಂತ ಅದರೊಳಗಿನ ಕಡತಗಳದ್ದು. ಮುಂಬಯಿ, ಡೊಂಬಿವಲಿ, ನವಿ ಮುಂಬಯಿಯ ಕನ್ನಡ ಸಂಘಗಳ ಹಳೆಯ ಸಂಚಿಕೆಗಳು, ಸದಸ್ಯರ ಲೇಖನಗಳು, ನಾಟಕದ ಪ್ರತಿಗಳು ಹಳೆಯ ಫಾಂಟುಗಳ ಸಂಕೇತದಲ್ಲೇ ಉಳಿದಿದ್ದರೆ, ಫಾಂಟು ಹೋದ ದಿನ ಅವೂ ಹೋದವು. ನುಡಿ, ಬರಹ ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತರುವ ಮುಕ್ತ ಪರಿವರ್ತಕವನ್ನು ಅರವಿಂದ ಅವರೇ ಮಾಡಿಕೊಟ್ಟಿದ್ದಾರೆ. ಆದ್ದರಿಂದ ಲ್ಯಾಪ್‌ಟಾಪ್ ಹಿಡಿದು ಬಂದವರಿಗೆ ನಾನು ಹೇಳುವುದು ಎರಡು ಮಾತು. ಲಿನಕ್ಸ್ ಹಾಕಿದರೆ ಇದು ಇನ್ನೂ ಕೆಲವು ವರ್ಷ ಓಡುತ್ತದೆ. ಅದಕ್ಕೂ ಮೊದಲು, ಇದರಲ್ಲಿರುವ ಹಳೆಯ ಕನ್ನಡ ಕಡತಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡಿ.