ತಪ್ಪಿದ ಕಿಡಿ

ಕಾರು ಇಟ್ಟುಕೊಂಡವರಿಗೆ ‘ಮಿಸ್ಸಿಂಗ್’ ಎಂಬ ಮಾತಿನ ಪರಿಚಯ ಇದ್ದೇ ಇರುತ್ತದೆ. ತಾಳ ತಪ್ಪಿದ ಮೃದಂಗದ ಹಾಗೆ ಎಂಜಿನ್ನು ನಾಲ್ಕು ಪೆಟ್ಟುಗಳಲ್ಲಿ ಒಂದನ್ನು ನುಂಗುತ್ತದೆ. ಗಾಡಿ ಮೈ ನಡುಗಿಸುತ್ತದೆ. ಏರು ಬಂದರೆ ಏದುಸಿರು ಬಿಡುತ್ತದೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದಲ್ಲಿ, ನನ್ನ ಹಳೆಯ ಕಾರಿಗೆ ಈ ರೋಗ ತಗುಲಿತು. ಒಂದು ಕಡೆ ಕಾರ್ಬುರೇಟರು ಬಿಚ್ಚಿ ಕಟ್ಟಿದರು. ಇನ್ನೊಂದು ಕಡೆ ಪ್ಲಗ್ಗುಗಳನ್ನೆಲ್ಲ ಬದಲಿಸಿದರು. ಹಣ ಕರಗಿತೇ ಹೊರತು ರೋಗ ಕದಲಲಿಲ್ಲ. ಕೊನೆಗೆ ವಯಸ್ಸಾದ ಮೇಸ್ತ್ರಿಯೊಬ್ಬರು “ಸ್ವಲ್ಪ ಕತ್ತಲಾಗಲಿ, ಕೂತ್ಕೊಳ್ಳಿ ಮೇಷ್ಟ್ರೇ” ಎಂದರು. ಸಂಜೆ ದೀಪ ಆರಿಸಿ, ಬಾನೆಟ್ಟು ಎತ್ತಿ, ಎಂಜಿನ್ನು ಚಾಲೂ ಮಾಡಿದರು. ಮೂರನೆಯ ಪ್ಲಗ್ಗಿಗೆ ಹೋಗುವ ತಂತಿಯ ಮೈಯಿಂದ ನೀಲಿಯ ಕಿಡಿಯೊಂದು ಪಕ್ಕದ ಕಬ್ಬಿಣಕ್ಕೆ ಚಿಮ್ಮುತ್ತಿತ್ತು. ರಬ್ಬರಿನ ಹೊದಿಕೆ ಬಿರುಕು ಬಿಟ್ಟು, ವಿದ್ಯುತ್ತು ತೇವದಲ್ಲಿ ಅಡ್ಡದಾರಿ ಹಿಡಿದಿತ್ತು. ಮೊಳದುದ್ದದ ಹೊಸ ತಂತಿಯಿಂದ ಕಾಯಿಲೆ ವಾಸಿಯಾಯಿತು.

ಈ ಕಾಯಿಲೆ ಮೋಟಾರು ಗಾಡಿಯಷ್ಟೇ ಹಳೆಯದೆಂದು ನನಗೆ ಆಮೇಲೆ ತಿಳಿಯಿತು. ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಗಾಡಿಗೆ ಪೇಟೆಂಟಿಗಾಗಿ ಅರ್ಜಿ ಸಲ್ಲಿಸಿದ್ದು 1886ರ ಜನವರಿ 29ರಂದು. ಗಾಡಿಯೇನೋ ಸಿದ್ಧವಾಯಿತು; ಕೊಳ್ಳುವವರು ಮಾತ್ರ ಬರಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಆತನ ಹೆಂಡತಿ ಬೆರ್ತಾ, ಗಂಡನಿಗೆ ಮುಂಚಿತವಾಗಿ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಅದೇ ಗಾಡಿಯಲ್ಲಿ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಇಂಧನ ಮುಗಿದಾಗ ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ಎಣ್ಣೆ ಕೊಂಡಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಕಿಡಿಯ ತಂತಿ ಕೈಕೊಟ್ಟಾಗ ತನ್ನ ಕಾಲ್ಚೀಲದ ಪಟ್ಟಿಯನ್ನೇ ಅದಕ್ಕೆ ಹೊದಿಕೆಯಾಗಿ ಸುತ್ತಿದಳೆಂದು ಹೇಳುತ್ತಾರೆ. ನನ್ನ ಕಾರಿಗೆ ಬಂದದ್ದೂ ಅದೇ ಕೇಡು, ಮೇಸ್ತ್ರಿಗಳು ಕೊಟ್ಟದ್ದೂ ಅದೇ ಮದ್ದು!

ಆ ಕಾಲದ ಯಂತ್ರಶಿಲ್ಪಿಗಳ ನಿದ್ದೆ ಕೆಡಿಸಿದ್ದು ಈ ಕಿಡಿಯೇ. ಡೈಮ್ಲರ್ ಅದರ ಸಹವಾಸವೇ ಬೇಡವೆಂದು, ಉರಿಯಿಂದ ಕೆಂಪಗೆ ಕಾಯಿಸಿದ ನಳಿಗೆಯಿಂದ ಅನಿಲ ಹೊತ್ತಿಸುವ ಕ್ರಮ ಹಿಡಿದ. ಪೆಟ್ರೋಲಿನ ಪಕ್ಕದಲ್ಲೇ ಬಯಲು ಬೆಂಕಿ! ಹೊತ್ತುವ ಗಳಿಗೆಯ ಮೇಲೂ ಹತೋಟಿ ಕಡಿಮೆ. 1902ರಲ್ಲಿ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಹೆಚ್ಚಿನ ಒತ್ತಡದ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ರೂಪಿಸಿದ ಮೇಲೆ ಕಿಡಿ ನಂಬಿಕೆಗೆ ಅರ್ಹವಾಯಿತು. ಅದೇ ಬಾಷ್ ಮನೆತನದ ನಂಟಿನಿಂದ 1951ರಲ್ಲಿ ಸ್ಥಾಪನೆಯಾದದ್ದು ನಮ್ಮ ಬೆಂಗಳೂರಿನವರು ‘ಮೈಕೋ’ ಎಂದು ಕರೆದ ಕಂಪೆನಿ. ಆಡುಗೋಡಿಯ ಆ ಕಾರ್ಖಾನೆಯ ಹೆಸರು ಪ್ಲಗ್ಗುಗಳ ಮೂಲಕ ಹಳ್ಳಿಯ ಗ್ಯಾರೇಜಿನವರೆಗೂ ಮುಟ್ಟಿತು.

ಒಂದೇ ಸಿಲಿಂಡರಿದ್ದ ಬೆಂಜ್ ಗಾಡಿಯಲ್ಲಿ ತಪ್ಪು ಯಾವುದರದೆಂದು ಹುಡುಕಬೇಕಾಗಿರಲಿಲ್ಲ. ನಾಲ್ಕು ಸಿಲಿಂಡರುಗಳು ಬಂದ ಮೇಲೆ ಅಪರಾಧಿಯನ್ನು ಗುರುತಿಸುವುದೇ ಒಂದು ವಿದ್ಯೆಯಾಯಿತು. 1908ರಲ್ಲಿ ಹೊರಬಂದ ಫೋರ್ಡರ ಟಿ ಮಾದರಿಯಲ್ಲಿ ಸಿಲಿಂಡರಿಗೊಂದರಂತೆ ಝೇಂಕರಿಸುವ ನಾಲ್ಕು ಕಾಯಿಲುಗಳಿದ್ದುವು. ಒಂದೊಂದರ ಕಂಪಿಸುವ ನಾಲಗೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ದುಡಿಯುವ ಸಿಲಿಂಡರಿನ ಬಾಯಿ ಕಟ್ಟಿದರೆ ಎಂಜಿನ್ನು ಮತ್ತಷ್ಟು ಕುಂಟುತ್ತದೆ. ಯಾವುದನ್ನು ಒತ್ತಿದಾಗ ಸದ್ದು ಬದಲಾಗುವುದಿಲ್ಲವೋ ಅದೇ ಮೈಗಳ್ಳ. ಮುಂದಿನ ಮೇಸ್ತ್ರಿಗಳು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡುತ್ತಿದ್ದುದೂ ಇದೇ ತರ್ಕದಿಂದ. ಈಗಿನ ಗಾಡಿಗಳಲ್ಲಿ ಹಾಗೆ ಮಾಡಬಾರದು: ವಿದ್ಯುತ್ತಿನ ಒತ್ತಡ ಬಹಳ ಹೆಚ್ಚು, ಕೈಗೂ ಅಪಾಯ, ಯಂತ್ರಕ್ಕೂ ಅಪಾಯ.

ಅಪರಾಧಿ ಸಿಕ್ಕ ಮೇಲೆ ಕಾರಣ ಹುಡುಕಬೇಕು. ಸಿಲಿಂಡರಿಗೆ ಬೇಕಾದುವು ಮೂರೇ: ಹದವಾಗಿ ಬೆರೆತ ಗಾಳಿ-ಪೆಟ್ರೋಲು, ಗಟ್ಟಿಯಾದ ಒತ್ತಡ, ಸರಿಯಾದ ಗಳಿಗೆಯಲ್ಲಿ ಕಿಡಿ. ವೈದ್ಯರು ನಾಲಗೆ ನೋಡುವಂತೆ ಮೇಸ್ತ್ರಿ ಪ್ಲಗ್ಗನ್ನು ಬಿಚ್ಚಿ ನೋಡುತ್ತಾನೆ. ತಿಳಿಕಂದು ಬಣ್ಣ ಆರೋಗ್ಯದ ಗುರುತು. ಒಣಗಿದ ಕರಿ ಮಸಿ, ಪೆಟ್ರೋಲು ಮಿತಿಮೀರಿದ್ದಕ್ಕೆ. ಜಿಡ್ಡು, ಎಂಜಿನ್ ಎಣ್ಣೆ ಒಳನುಗ್ಗುತ್ತಿರುವುದಕ್ಕೆ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಹೆಚ್ಚಾಗಿ ಕಿಡಿಯೇ ಹಾರುತ್ತಿಲ್ಲ. ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿದಾಗ ರೋಗವೂ ಜೊತೆಗೆ ಹೋದರೆ ಪ್ಲಗ್ಗಿನದೇ ತಪ್ಪು. ಹೋಗದಿದ್ದರೆ ತಂತಿಯನ್ನೂ ಹೀಗೆಯೇ ಪರೀಕ್ಷಿಸಬೇಕು. ಒತ್ತಡ ಕಡಿಮೆಯಿದ್ದರೆ ಸಿಲಿಂಡರಿನೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಏರದಿದ್ದರೆ ಕವಾಟದ ಕಡೆ ನೋಡಬೇಕು.

ಈಗ ಈ ಕೆಲಸದ ಒಂದು ಪಾಲನ್ನು ಯಂತ್ರವೇ ಮಾಡುತ್ತದೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳೆಲ್ಲಕ್ಕೂ ತಮ್ಮ ದೋಷವನ್ನು ತಾವೇ ಗುರುತಿಸಿಕೊಳ್ಳುವ ಏರ್ಪಾಡು ಕಡ್ಡಾಯವಾಯಿತು. ಸಿಲಿಂಡರು ಹೊತ್ತದಿದ್ದರೆ ಕ್ರ್ಯಾಂಕು ಕ್ಷಣಮಾತ್ರ ನಿಧಾನವಾಗುತ್ತದೆ. ಕಂಪ್ಯೂಟರು ಅದನ್ನು ಹಿಡಿದು ದೀಪ ಹೊತ್ತಿಸುತ್ತದೆ. ‘ಪಿ 0303’ ಎಂಬ ಸಂಕೇತ ಬಂದರೆ ಮೂರನೆಯ ಸಿಲಿಂಡರು ಎಂದರ್ಥ. ಇದು ಸವಾರರ ಸುಖಕ್ಕಾಗಿ ಮಾತ್ರ ಹುಟ್ಟಿದ ಕಟ್ಟಳೆಯಲ್ಲ. ಉರಿಯದ ಪೆಟ್ರೋಲು ಹೊಗೆ ಶುದ್ಧಿಮಾಡುವ ಪೆಟ್ಟಿಗೆಯೊಳಗೆ ಹೋಗಿ ಉರಿದು ಅದನ್ನೇ ಹಾಳುಮಾಡುತ್ತದೆ. ಆಮೇಲೆ ಆ ಹೊಗೆ ಊರಿನ ಮಕ್ಕಳ ಶ್ವಾಸಕೋಶಕ್ಕೆ. ತಪ್ಪಿದ ಕಿಡಿ ಕಾರಿನ ಯಜಮಾನನ ಮನೆವಾರ್ತೆ ಮಾತ್ರವಲ್ಲ.

ಆದರೂ ಒಂದು ಮಾತು. ಯಾವ ಸಿಲಿಂಡರು ಎಂದು ಕಂಪ್ಯೂಟರು ಹೇಳುತ್ತದೆ. ಏಕೆ ಎಂಬುದನ್ನು ಬಹುಮಟ್ಟಿಗೆ ಮನುಷ್ಯನಿಗೇ ಬಿಡುತ್ತದೆ. ಸಂಕೇತ ಓದಿದೊಡನೆ ಪ್ಲಗ್ಗು, ಕಾಯಿಲು, ಇಂಜೆಕ್ಟರು ಎಲ್ಲವನ್ನೂ ಬದಲಿಸಿ ಬಿಲ್ಲು ಬರೆಯುವುದು ಸುಲಭ. ಒಂದನ್ನು ಮಾತ್ರ ಬದಲಿಸಿ, ಫಲ ನೋಡಿ, ಅನಂತರ ಇನ್ನೊಂದಕ್ಕೆ ಕೈಹಾಕುವ ತಾಳ್ಮೆ ಕಷ್ಟ. ಅಂದು ಕತ್ತಲಾಗುವವರೆಗೆ ಕಾದ ಆ ಮೇಸ್ತ್ರಿಗಳು ನನ್ನಿಂದ ತೆಗೆದುಕೊಂಡದ್ದು ಬಹಳ ಕಡಿಮೆ. ಅವರು ಕಲಿಸಿದ ಪಾಠದ ಬೆಲೆ ಮಾತ್ರ ಕಡಿಮೆಯದಲ್ಲ.